ರೋನಿ ಜೇಮ್ಸ್ ಡಿಯೋ: ಯಾವ ಆಲ್ಬಂ ಮೊದಲು, ಯಾವುದು ಆಮೇಲೆ?

"ಡಿಯೋ ಡಿಯೋ ಅಂತ ಎಲ್ಲರೂ ಹೇಳ್ತಾರಲ್ಲ, ಎಲ್ಲಿಂದ ಶುರು ಮಾಡೋದು ಅಣ್ಣ?" ಹೆವಿ ಮೆಟಲ್ ರುಚಿ ಹತ್ತಿದ ಹುಡುಗರು ಕಾರವಾರದಲ್ಲೂ ಇದನ್ನೇ ಕೇಳುತ್ತಾರೆ, ಶಿರಸಿಯಲ್ಲೂ ಇದನ್ನೇ ಕೇಳುತ್ತಾರೆ. ನಿಂತಲ್ಲೇ ಎರಡು ಆಲ್ಬಂ ಹೆಸರು ಹೇಳಿ ಕಳಿಸಬಹುದು. ಆದರೆ ಅಮೆರಿಕದ ಹೆವಿ ಮೆಟಲ್ ಗಾಯಕ ಡಿಯೋ ಐವತ್ತು ವರ್ಷ ಸಂಗೀತದಲ್ಲೇ ಇದ್ದವರು. ಅವರ ಮುಖ್ಯ ಆಲ್ಬಂಗಳು ನಾಲ್ಕು ಬೇರೆ ಬೇರೆ ಬ್ಯಾಂಡಿನ ಹೆಸರಲ್ಲಿ ಹಂಚಿಹೋಗಿವೆ. ಎಲ್ಲೋ ಮಧ್ಯದಲ್ಲಿ ಕೈಹಾಕಿ, "ಓ, ಇಷ್ಟೇನಾ" ಅಂತ ಬಿಟ್ಟವರನ್ನು ನೋಡಿದ್ದೇನೆ. ಹಾಗೆ ಆಗಬಾರದು ಅಂತ ಇಷ್ಟು ಬರೆಯುತ್ತಿದ್ದೇನೆ.

ನನ್ನ ಸಲಹೆ ಮೊದಲೇ ಹೇಳಿಬಿಡುತ್ತೇನೆ. ಡಿಯೋ ಅವರನ್ನು ಕೇಳುವಾಗ ಬ್ಯಾಂಡಿನ ಹೆಸರು ಹಿಡಿದು ಹೋಗಬೇಡಿ, ದನಿ ಹಿಡಿದು ಹೋಗಿ. ಗಿಟಾರಿನವರು ಬದಲಾದರು, ಡ್ರಮ್ಸ್‌ನವರು ಬದಲಾದರು. ದನಿ ಮಾತ್ರ 1975ರಿಂದ 2009ರವರೆಗೆ ಗಟ್ಟಿಯಾಗಿ ನಿಂತಿತು. ಆ ದನಿಗೆ ಬೇಕಾದ ಕಿವಿ ನಮ್ಮ ಉತ್ತರ ಕನ್ನಡದವರಿಗೆ ಆಗಲೇ ಇದೆ. ಯಾಕೆ ಅಂತ ಸ್ವಲ್ಪ ಮುಂದೆ ಹೇಳುತ್ತೇನೆ.

ಪರಿಚಯ ಚುಟುಕಾಗಿ. ಡಿಯೋ ಹುಟ್ಟಿದ್ದು 1942ರ ಜುಲೈ 10ರಂದು, ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಪೋರ್ಟ್ಸ್‌ಮೌತ್‌ನಲ್ಲಿ. ಇಟಾಲಿಯನ್ ಮೂಲದ ಮನೆತನ. ನಿಜವಾದ ಹೆಸರು ರೊನಾಲ್ಡ್ ಜೇಮ್ಸ್ ಪಡವೋನ. ಬೆಳೆದದ್ದು ನ್ಯೂಯಾರ್ಕ್ ರಾಜ್ಯದ ಕಾರ್ಟ್‌ಲ್ಯಾಂಡ್ ಎಂಬ ಸಣ್ಣ ಊರಲ್ಲಿ. ಎತ್ತರದ ಆಳಲ್ಲ. ತೀರಿಕೊಂಡದ್ದು 2010ರ ಮೇ 16ರಂದು, ಹೊಟ್ಟೆಯ ಕ್ಯಾನ್ಸರ್‌ನಿಂದ.

ಹೆಜ್ಜೆ 1: ಕಿವಿ ತಯಾರು ಮಾಡಿಕೊಳ್ಳಿ

ಡಿಯೋ ಯಾರ ಹತ್ತಿರವೂ ಹಾಡುವುದನ್ನು ಕಲಿತವರಲ್ಲ. ಚಿಕ್ಕಂದಿನಲ್ಲಿ ಕಲಿತದ್ದು ಟ್ರಂಪೆಟ್. ತುತ್ತೂರಿ ಊದಲು ಹೊಟ್ಟೆಯ ಆಳದಿಂದ ಉಸಿರು ಬೇಕು, ಆ ಉಸಿರನ್ನು ಸಣ್ಣಗೆ, ಒಂದೇ ಸಮನೆ ಬಿಡಲು ಗೊತ್ತಿರಬೇಕು. ತನ್ನ ಹಾಡಿಗೆ ಬುನಾದಿ ಅದೇ ಅಂತ ಅವರೇ ಹೇಳುತ್ತಿದ್ದರು. ಅದಕ್ಕೇ ಅವರು ಏರು ಸ್ವರದಲ್ಲೂ ಕಿರುಚುವುದಿಲ್ಲ. ಸ್ವರ ಎಷ್ಟೇ ಮೇಲೆ ಹೋದರೂ ಅದಕ್ಕೊಂದು ತೂಕ ಇರುತ್ತದೆ. ಮಾತು ಒಂದೊಂದೂ ಬಿಡಿಯಾಗಿ ಕೇಳುತ್ತದೆ.

ಇದು ನಮಗೆ ಹೊಸದಲ್ಲ ಅಲ್ವಾ? ನಾವು ಯಕ್ಷಗಾನದ ಆಟ ನೋಡಿ ಬೆಳೆದವರು. ಯುದ್ಧದ ಪದ್ಯಕ್ಕೆ ಭಾಗವತರು ಏರು ಶ್ರುತಿಯಲ್ಲಿ ಎತ್ತುಗಡೆ ಮಾಡುತ್ತಾರೆ. ಪಕ್ಕದಲ್ಲಿ ಮದ್ದಳೆ, ಆ ಕಡೆ ಚಂಡೆ. ಚಂಡೆಯ ಪೆಟ್ಟು ಎದೆಗೆ ಬಡಿಯುತ್ತಿರುತ್ತದೆ, ಆದರೂ ಪದ್ಯದ ಸಾಹಿತ್ಯ ಒಂದಕ್ಷರ ತಪ್ಪದೆ ನಮಗೆ ತಲುಪುತ್ತದೆ. ನೆಬ್ಬೂರು ನಾರಾಯಣ ಭಾಗವತರ, ಕಡತೋಕಾ ಮಂಜುನಾಥ ಭಾಗವತರ ಹಾಡಿಕೆ ಕೇಳಿದವರಿಗೆ ನಾನು ಹೇಳುವುದು ಥಟ್ಟನೆ ಗೊತ್ತಾಗುತ್ತದೆ. ಗದ್ದಲದ ಮೇಲೆ ನಿಂತು ಕಥೆ ಹೇಳುವ ದನಿ ಅದು. ಡಿಯೋ ಮಾಡಿದ್ದೂ ಅದನ್ನೇ. ಹಾಗಾಗಿ ಮೆಟಲ್ ಅಂದರೆ ಬರೀ ಗಿಟಾರಿನ ಸದ್ದು ಅಂದುಕೊಂಡು ಕೂರಬೇಡಿ. ಆಟಕ್ಕೆ ಹೋದಾಗ ಭಾಗವತರ ಕಡೆ ಕಿವಿ ಕೊಡುವಂತೆ ಕೊಡಿ. ಗಿಟಾರ್, ಡ್ರಮ್ಸ್ ತಾವಾಗಿಯೇ ಜೊತೆಗೆ ಬರುತ್ತವೆ.

ಇನ್ನು ಉಪಕರಣ. ದುಬಾರಿಯದು ಬೇಕಿಲ್ಲ, ವೈರ್ ಇರುವ ಸಾಧಾರಣ ಇಯರ್‌ಫೋನ್ ಸಾಕು. ಆದರೆ ಫೋನಿನ ಸೆಟ್ಟಿಂಗ್‌ನಲ್ಲಿ 'ಬಾಸ್ ಬೂಸ್ಟ್' ಆನ್ ಆಗಿದ್ದರೆ ಮೊದಲು ಆಫ್ ಮಾಡಿ. ಈ ಹಾಡುಗಳ ಜೀವ ಇರುವುದು ನಡುವಿನ ಸ್ವರಗಳಲ್ಲಿ. ಬಾಸ್ ಜಾಸ್ತಿ ಮಾಡಿದರೆ ದನಿಯ ಮೇಲೆ ಕಂಬಳಿ ಹೊದೆಸಿದ ಹಾಗೆ ಆಗುತ್ತದೆ. ಜೂನ್ ಜುಲೈನಲ್ಲಿ ತಗಡಿನ ಮಾಡಿನ ಕೆಳಗೆ ಕೂತು ಸಣ್ಣ ಬ್ಲೂಟೂತ್ ಸ್ಪೀಕರ್‌ನಲ್ಲಿ ಕೇಳುವುದೂ ಬೇಡ. ಡಿಯೋ ದನಿ ಮಳೆಯ ಸದ್ದಿನಲ್ಲೂ ಕೇಳುತ್ತದೆ, ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಗೀಜರ್ ಬಟ್ಲರ್ ಅವರ ಬಾಸ್ ಗಿಟಾರ್ ಮಾತ್ರ ಪೂರ್ತಿ ಕಳೆದುಹೋಗುತ್ತದೆ. ಅದು ಇಲ್ಲದೆ ಸಬ್ಬತ್ ಆಲ್ಬಂ ಅರ್ಧ ಖಾಲಿ.

ಹೆಜ್ಜೆ 2: ಸರಿಯಾದ ಹೆಸರಲ್ಲಿ ಹುಡುಕಿ

ಆ್ಯಪ್‌ನಲ್ಲಿ 'ಡಿಯೋ' ಅಂತ ಹಾಕಿದರೆ ಅವರ ಸ್ವಂತ ಬ್ಯಾಂಡಿನ ಆಲ್ಬಂಗಳು ಮಾತ್ರ ಬರುತ್ತವೆ. ಅತ್ಯುತ್ತಮವಾದ ಅರ್ಧ ಭಾಗ ಅಲ್ಲಿ ಇರುವುದೇ ಇಲ್ಲ. ನಾಲ್ಕು ಹೆಸರು ನೆನಪಿಡಿ: ರೇನ್‌ಬೋ, ಬ್ಲ್ಯಾಕ್ ಸಬ್ಬತ್, ಡಿಯೋ, ಹೆವನ್ ಆ್ಯಂಡ್ ಹೆಲ್.

ಬ್ಲ್ಯಾಕ್ ಸಬ್ಬತ್ ಪುಟದಲ್ಲಿ ಹುಷಾರಾಗಿರಿ. ಅಲ್ಲಿ ಮೊದಲು ಸಿಗುವುದು ಓಜಿ ಆಸ್ಬೋರ್ನ್ ಹಾಡಿದ 1970ರ ದಶಕದ ಆಲ್ಬಂಗಳು. ಅವೂ ದೊಡ್ಡ ಆಲ್ಬಂಗಳೇ, ಆದರೆ ಅಲ್ಲಿ ಡಿಯೋ ಇಲ್ಲ. ಸಬ್ಬತ್ ಜೊತೆ ಡಿಯೋ ಹಾಡಿದ ಸ್ಟುಡಿಯೋ ಆಲ್ಬಂ ಮೂರೇ: 1980ರ 'ಹೆವನ್ ಆ್ಯಂಡ್ ಹೆಲ್', 1981ರ 'ಮಾಬ್ ರೂಲ್ಸ್', 1992ರ 'ಡಿಹ್ಯೂಮನೈಸರ್'. ಡಿಯೋ, ಗಿಟಾರಿನ ಟೋನಿ ಐಯೋಮಿ, ಬಾಸ್‌ನ ಬಟ್ಲರ್, ಡ್ರಮ್ಸ್‌ನ ವಿನ್ನಿ ಆ್ಯಪಿಸಿ 2006ರಲ್ಲಿ ಮತ್ತೆ ಒಂದಾದಾಗ, ಓಜಿ ಕಾಲದ ಸಬ್ಬತ್ ಬೇರೆ, ಇದು ಬೇರೆ ಅಂತ ಗೊತ್ತಾಗಲಿ ಎಂದು ಡಿಯೋ ಸಬ್ಬತ್ ಜೊತೆ ಮಾಡಿದ ಮೊದಲ ಆಲ್ಬಂನ ಹೆಸರನ್ನೇ ಬ್ಯಾಂಡಿಗೆ ಇಟ್ಟುಕೊಂಡರು. ಹೊಸಬರಿಗೆ ಗೊಂದಲ ಆಗುವುದು ಇಲ್ಲೇ.

ಇನ್ನೊಂದು ವಿಷಯ. ಎಷ್ಟೋ ಆಲ್ಬಂಗಳಿಗೆ 'ಡಿಲಕ್ಸ್' ಆವೃತ್ತಿ ಇದೆ. ಕೊನೆಯಲ್ಲಿ ಲೈವ್ ಹಾಡು, ಬೇರೆ ಮಿಕ್ಸ್ ಎಲ್ಲ ಸೇರಿಸಿರುತ್ತಾರೆ. ಮೊದಲ ಸಲ ಕೇಳುವಾಗ ಮೂಲ ಹಾಡುಗಳಿಗೆ ನಿಲ್ಲಿಸಿ. ರೇನ್‌ಬೋದ 'ರೈಸಿಂಗ್'ಗೆ ಆರು ಹಾಡು, ಸಬ್ಬತ್‌ನ 'ಹೆವನ್ ಆ್ಯಂಡ್ ಹೆಲ್'ಗೆ ಎಂಟು, ಡಿಯೋ ಬ್ಯಾಂಡಿನ 'ಹೋಲಿ ಡೈವರ್'ಗೆ ಒಂಬತ್ತು. ಷಫಲ್ ಬೇಡವೇ ಬೇಡ. ಇವು ಸಾಲಾಗಿ ಕೇಳಲೆಂದೇ ಜೋಡಿಸಿದ ಹಾಡುಗಳು.

ಹೆಜ್ಜೆ 3: ಮೊದಲು 'ಹೆವನ್ ಆ್ಯಂಡ್ ಹೆಲ್'

ಇದರ ಬಗ್ಗೆ ನನಗೆ ಅನುಮಾನವೇ ಇಲ್ಲ. ತುಂಬಾ ಜನ 'ಹೋಲಿ ಡೈವರ್' ಮೊದಲು ಕೊಡುತ್ತಾರೆ. ನಾನು ಇದನ್ನು ಕೊಡುತ್ತೇನೆ.

1979ರ ಹೊತ್ತಿಗೆ ಬ್ಲ್ಯಾಕ್ ಸಬ್ಬತ್ ಮುಗಿದೇಹೋಯಿತು ಅಂತ ಜನ ಮಾತಾಡುತ್ತಿದ್ದರು. ಓಜಿ ಹೊರಬಿದ್ದಿದ್ದರು. ಆ ಕಡೆ ಡಿಯೋ ಹಾಡುತ್ತಿದ್ದ ರೇನ್‌ಬೋದ ಗಿಟಾರಿನ ರಿಚಿ ಬ್ಲ್ಯಾಕ್‌ಮೋರ್‌ಗೆ ರೇಡಿಯೋದಲ್ಲಿ ಓಡುವಂಥ ಹಾಡು ಬೇಕಿತ್ತು, ಡಿಯೋಗೆ ಅದು ಬೇಕಿರಲಿಲ್ಲ. ಅಲ್ಲಿಂದ ಅವರೂ ಹೊರಬಂದರು. ಲಾಸ್ ಏಂಜಲೀಸ್‌ನಲ್ಲಿ ಡಿಯೋ ಮತ್ತು ಗಿಟಾರಿನ ಟೋನಿ ಐಯೋಮಿ ಭೇಟಿಯಾದರು. 1980ರ ಏಪ್ರಿಲ್‌ನಲ್ಲಿ ಆಲ್ಬಂ ಬಂತು. ಆಗ ಡಿಯೋಗೆ 37 ವರ್ಷ.

ಇಬ್ಬರೂ ಸೇರಿ ಮೊದಲು ಕಟ್ಟಿದ ಹಾಡು 'ಚಿಲ್ಡ್ರನ್ ಆಫ್ ದ ಸೀ'. ನೀವೂ ಅದರಿಂದಲೇ ಶುರು ಮಾಡಿ. ಆಲ್ಬಂನಲ್ಲಿ ಎರಡನೆಯದು. ಮೊದಲಿಗೆ ಅಕೌಸ್ಟಿಕ್ ಗಿಟಾರ್, ಅದರ ಮೇಲೆ ಮೆಲ್ಲಗೆ, ಪಕ್ಕದಲ್ಲಿ ಕೂತು ಹೇಳಿದಂತೆ ಡಿಯೋ ದನಿ. ಆಮೇಲೆ ಪೂರ್ತಿ ಬ್ಯಾಂಡ್ ಒಟ್ಟಿಗೆ ಬೀಳುತ್ತದೆ. ದನಿ ಆಗ ಏನು ಮಾಡುತ್ತದೆ ಅಂತ ಗಮನಿಸಿ. ಸದ್ದು ಹತ್ತು ಪಟ್ಟು ಆದರೂ ದನಿ ಹಿಂದೆ ಸರಿಯುವುದಿಲ್ಲ. ಕೂಗಿಗೂ ಇಳಿಯುವುದಿಲ್ಲ. ಅಷ್ಟೇ ತೂಕದಲ್ಲಿ ಮೇಲೆ ಏರುತ್ತದೆ. ನಡುವೆ ಸನ್ಯಾಸಿಗಳ ಮಂತ್ರದಂತೆ ಕೇಳುವ ಗುಂಪು ದನಿ ಒಂದಿಷ್ಟು ಹೊತ್ತು ಬಂದು ಹೋಗುತ್ತದೆ. ಮನುಷ್ಯ ತನ್ನ ಕೈಯಾರೆ ಭೂಮಿ ಹಾಳು ಮಾಡಿಕೊಳ್ಳುವ ಬಗ್ಗೆ ಎಚ್ಚರಿಕೆಯ ಹಾಡು ಅದು. ಕಡಲ ದಂಡೆಯಲ್ಲಿ ಬದುಕುವ ನಮಗೆ ಅದರ ಕಳವಳ ಬೇಗ ತಟ್ಟುತ್ತದೆ ಅಂತ ನನಗೆ ಅನ್ನಿಸುತ್ತದೆ.

ಅದೊಂದೇ ಹಾಡನ್ನು ಮೂರು ಸಲ ಕೇಳಿ. ಒಮ್ಮೆ ಬರೀ ದನಿ. ಇನ್ನೊಮ್ಮೆ ಬಾಸ್ ಗಿಟಾರ್. ಮೂರನೇ ಸಲ ಸುಮ್ನೆ ಕೇಳಿ, ಏನನ್ನೂ ಹುಡುಕಬೇಡಿ. ಇಷ್ಟು ಮಾಡಿದರೆ ಉಳಿದ ಏಳು ಹಾಡಿನ ಬಾಗಿಲು ತೆರೆಯುತ್ತದೆ.

ಆಮೇಲೆ ಮೊದಲಿನಿಂದ ಕೊನೆಯವರೆಗೆ, ಸುಮಾರು 39 ನಿಮಿಷ. 'ನಿಯಾನ್ ನೈಟ್ಸ್' ವೇಗದ ಹಾಡು, ಬಾಗಿಲು ಒದ್ದು ಬರುತ್ತದೆ. ಆಲ್ಬಂ ಹೆಸರಿನ ಹಾಡು ಏಳು ನಿಮಿಷದ ಹತ್ತಿರ ಇದೆ. ಗಿಟಾರ್ ದೊಡ್ಡದಾಗಿ ಶುರುವಾಗಿ, ಡಿಯೋ ಹಾಡಲು ತೊಡಗಿದ ಕೂಡಲೇ ಹಿಂದೆ ಸರಿದು ಜಾಗ ಬಿಡುತ್ತದೆ. ಬಾಸ್ ಒಂದೇ ಮಿಡಿಯುತ್ತಿರುತ್ತದೆ. ಕೊನೆಗೆ ವೇಗ ಹಿಡಿದು ಓಡಿ, ಮತ್ತೆ ಅಕೌಸ್ಟಿಕ್ ಗಿಟಾರ್‌ನಲ್ಲಿ ಮುಗಿಯುತ್ತದೆ. ಒಳ್ಳೆಯದು ಕೆಟ್ಟದ್ದು ಒಂದರೊಳಗೊಂದು ಬೆರೆತಿರುವ ಬಗ್ಗೆ ಬರೆದ ಹಾಡು. ಡಿಯೋ ಜೀವನಪೂರ್ತಿ ಬೇರೆ ಬೇರೆ ಮಾತಲ್ಲಿ ಹೇಳಿದ್ದು ಇದನ್ನೇ. 'ಡೈ ಯಂಗ್' ಬಿಡಬೇಡಿ. ಕೊನೆಯ 'ಲೋನ್ಲಿ ಈಸ್ ದ ವರ್ಡ್'ನಲ್ಲಿ ಡಿಯೋಗಿಂತ ಐಯೋಮಿ ಗಿಟಾರ್ ಜಾಸ್ತಿ ಮಾತಾಡುತ್ತದೆ. ಐಯೋಮಿ 17ರ ವಯಸ್ಸಲ್ಲಿ ಕಾರ್ಖಾನೆಯ ಯಂತ್ರಕ್ಕೆ ಎರಡು ಬೆರಳಿನ ತುದಿ ಕಳೆದುಕೊಂಡವರು. ತಾವೇ ಪ್ಲಾಸ್ಟಿಕ್ ತುದಿ ಮಾಡಿ ಹಾಕಿಕೊಂಡು ನುಡಿಸಿದರು. ಅದು ಗೊತ್ತಿದ್ದು ಆ ಸೋಲೋ ಕೇಳಿ ನೋಡಿ.

ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರಲ್ಲಿ ಬ್ರಿಟನ್ನಿನ ಮೆಟಲ್ ಬ್ಯಾಂಡ್ ಐರನ್ ಮೇಡನ್ ಬಂದಾಗ ಇಲ್ಲಿಂದ ಬಸ್ ಹತ್ತಿ ಹೋದವರು ಯಾರಾದರೂ ಓದುತ್ತಿದ್ದರೆ, ನಿಮಗೊಂದು ಕೊಂಡಿ ಇದೆ. ಈ ಆಲ್ಬಂ ನಿರ್ಮಿಸಿದ ಮಾರ್ಟಿನ್ ಬರ್ಚ್ ಅವರೇ ಮುಂದೆ 1981ರಿಂದ ಮೇಡನ್ ಆಲ್ಬಂಗಳನ್ನೂ ನಿರ್ಮಿಸಿದ್ದು. ಆ ಸ್ಪಷ್ಟತೆ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ.

ಹೆಜ್ಜೆ 4: 'ಹೋಲಿ ಡೈವರ್'

1982ರಲ್ಲಿ ಸಬ್ಬತ್ ಒಡೆಯಿತು. ಲೈವ್ ಆಲ್ಬಂನ ಮಿಕ್ಸಿಂಗ್ ವಿಷಯದಲ್ಲಿ ಜಗಳ. ಡಿಯೋ ಡ್ರಮ್ಸ್‌ನ ವಿನ್ನಿ ಆ್ಯಪಿಸಿಯನ್ನು ಜೊತೆಗೆ ಕರೆದುಕೊಂಡು ಬಂದು ಸ್ವಂತ ಬ್ಯಾಂಡ್ ಕಟ್ಟಿದರು. ಬಾಸ್‌ಗೆ ರೇನ್‌ಬೋ ಕಾಲದ ಗೆಳೆಯ ಜಿಮ್ಮಿ ಬೇನ್. ಗಿಟಾರ್‌ಗೆ ಬೆಲ್‌ಫಾಸ್ಟ್‌ನ ಇಪ್ಪತ್ತರ ಹರೆಯದ ವಿವಿಯನ್ ಕ್ಯಾಂಬೆಲ್. 1983ರ ಮೇ ತಿಂಗಳಲ್ಲಿ ಆಲ್ಬಂ ಬಂತು. ಡಿಯೋಗೆ ಆಗ 40. 'ಡಿಯೋ' ಬ್ಯಾಂಡಿನ ಮೊದಲ ಆಲ್ಬಂ ಆ ವಯಸ್ಸಿಗೆ ಮಾಡಿ, ಅದೇ ಮುಂದೆ ತನ್ನ ಗುರುತಾಗುವುದು ಸಣ್ಣ ಮಾತಲ್ಲ.

ಇದು ನೇರವಾದ ಆಲ್ಬಂ. ಹಾಡುಗಳು ಚಿಕ್ಕವು, ರಾಗ ಬೇಗ ಬಾಯಿಗೆ ಬರುತ್ತದೆ. ಆಲ್ಬಂ ಹೆಸರಿನ ಹಾಡಿನ ಮೊದಲ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಬರೀ ಗಾಳಿಯ ಸದ್ದು, ಕೀಬೋರ್ಡ್. ಹಾಡು ಹಾಳಾಗಿದೆ ಅಂತ ಮುಂದೆ ತಳ್ಳಬೇಡಿ, ಕಾಯಿರಿ. 'ರೇನ್‌ಬೋ ಇನ್ ದ ಡಾರ್ಕ್' ಎಲ್ಲರಿಗೂ ಗೊತ್ತಿರುವ ಹಾಡು. ಡಿಯೋಗೇ ಮೊದಲು ಅದು ಹಿಡಿಸಿರಲಿಲ್ಲ, ತೀರಾ ಪಾಪ್ ಆಯಿತು ಅನ್ನಿಸಿತ್ತು. ಜೊತೆಯವರು ಉಳಿಸಿಕೊಂಡರು. ಒಳ್ಳೆಯದೇ ಆಯಿತು.

ನನಗೆ ಈ ಆಲ್ಬಂನ ಎದೆಗೂಡು ಅಂದರೆ 'ಡೋಂಟ್ ಟಾಕ್ ಟು ಸ್ಟ್ರೇಂಜರ್ಸ್'. ಶುರುವಿನಲ್ಲಿ ಮಗುವಿಗೆ ಹೇಳುವ ಹಾಗೆ ಪಿಸುದನಿ. ಒಂದು ಕ್ಷಣದಲ್ಲಿ ಅದೇ ದನಿ ಸಿಡಿಯುತ್ತದೆ. ಎರಡೂ ಒಂದೇ ಗಂಟಲು ಅಂತ ನಂಬಲು ಕಷ್ಟ. ಇಯರ್‌ಫೋನ್ ಹಾಕಿಕೊಂಡೇ ಕೇಳಿ. ಪಿಸುದನಿ ಕೇಳಿಸಲಿ ಅಂತ ವಾಲ್ಯೂಮ್ ಏರಿಸಿ ಇಟ್ಟರೆ ಮಾತ್ರ ಮುಂದೆ ಕಿವಿಗೆ ಪೆಟ್ಟು.

ಹೆಜ್ಜೆ 5: ಮನೆಯಲ್ಲಿ ಕೇಳುವವರಿಗೆ ಏನು ಹೇಳುವುದು

'ಹೋಲಿ ಡೈವರ್' ಮುಖಚಿತ್ರ ನೋಡಿದ ಅಮ್ಮಂದಿರು ಗಾಬರಿ ಆಗುವುದು ಸಹಜ. ಕೊಂಬಿನ ರಾಕ್ಷಸ, ಸರಪಳಿ, ನೀರಲ್ಲಿ ಮುಳುಗುತ್ತಿರುವ ಪಾದ್ರಿ. ಇದೆಲ್ಲ ದೆವ್ವದ ಪೂಜೆಯಾ ಅಂತ ಕೇಳುತ್ತಾರೆ. ಉತ್ತರ ಗೊತ್ತಿದ್ದರೆ ಒಳ್ಳೆಯದು.

ನೋಡಿದ ಕೂಡಲೇ ಯಾರು ಒಳ್ಳೆಯವರು, ಯಾರು ಕೆಟ್ಟವರು ಅಂತ ತೀರ್ಮಾನಿಸಬೇಡಿ ಅನ್ನುವುದೇ ಆ ಚಿತ್ರದ ಮಾತು ಅಂತ ಡಿಯೋ ವಿವರಿಸುತ್ತಿದ್ದರು. ಅವರ ಹಾಡುಗಳಲ್ಲಿ ರಾಕ್ಷಸ, ಮಂತ್ರವಾದಿ, ರಾಜ ಎಲ್ಲ ಬರುತ್ತಾರೆ. ಪೂಜೆ ಎಲ್ಲೂ ಇಲ್ಲ. ನಮ್ಮ ಪ್ರಸಂಗಗಳಲ್ಲಿ ಬಣ್ಣದ ವೇಷ ಬಂದರೆ ಯಾರೂ ರಾಕ್ಷಸನ ಭಕ್ತರಾಗುವುದಿಲ್ಲವಲ್ಲ.

ಇನ್ನು ಆ ಕೈಸನ್ನೆ. ತೋರುಬೆರಳು, ಕಿರುಬೆರಳು ಎತ್ತಿ ಕೊಂಬು ಮಾಡುವುದು. ಇವತ್ತು ಜಗತ್ತಿನ ಎಲ್ಲ ಮೆಟಲ್ ಕಛೇರಿಗಳಲ್ಲೂ ಅದೇ ನಮಸ್ಕಾರ. ಅದನ್ನು ಮೆಟಲ್‌ ಮಂದಿಯಲ್ಲಿ ಹರಡಿದ್ದು ಡಿಯೋ. ಕಲಿತದ್ದು ಇಟಲಿ ಮೂಲದ ತಮ್ಮ ಅಜ್ಜಿಯಿಂದ. ರಸ್ತೆಯಲ್ಲಿ ಯಾರದಾದರೂ ಕೆಟ್ಟ ದೃಷ್ಟಿ ತಾಗೀತು ಅನ್ನಿಸಿದರೆ ಅಜ್ಜಿ ಆ ಸನ್ನೆ ಮಾಡುತ್ತಿದ್ದರಂತೆ. ಸಬ್ಬತ್‌ಗೆ ಬಂದಾಗ, ಓಜಿ ಎರಡು ಬೆರಳೆತ್ತಿ ಶಾಂತಿ ಸನ್ನೆ ಮಾಡುತ್ತಿದ್ದರು, ತನಗೆ ಬೇರೆಯದು ಬೇಕು ಅಂತ ಡಿಯೋ ಇದನ್ನು ಹಿಡಿದರು. ಉಪ್ಪು ಮೆಣಸು ನಿವಾಳಿಸಿ ದೃಷ್ಟಿ ತೆಗೆಯುವ ಮನೆಯಲ್ಲಿ ಇದನ್ನು ಹೇಳಿದರೆ, ಅಜ್ಜಿಯೇ ಮೊದಲು ಒಪ್ಪುತ್ತಾರೆ.

ಹೆಜ್ಜೆ 6: 'ರೈಸಿಂಗ್', ಒಂದು ಸಂಜೆ ಪೂರ್ತಿ ಕೊಟ್ಟು

ಈಗ ಹಿಂದೆ ಹೋಗಿ. 1976. ಬ್ಯಾಂಡ್ ರೇನ್‌ಬೋ. ಡೀಪ್ ಪರ್ಪಲ್ ಎಂಬ ರಾಕ್ ಬ್ಯಾಂಡ್ ಬಿಟ್ಟು ಬಂದ ರಿಚಿ ಬ್ಲ್ಯಾಕ್‌ಮೋರ್ ಕಟ್ಟಿದ್ದು. ಡ್ರಮ್ಸ್‌ಗೆ ಕೋಜಿ ಪೊವೆಲ್, ಬಾಸ್‌ಗೆ ಜಿಮ್ಮಿ ಬೇನ್, ಕೀಬೋರ್ಡ್‌ಗೆ ಟೋನಿ ಕೇರಿ. ಜರ್ಮನಿಯ ಮ್ಯೂನಿಕ್‌ನಲ್ಲಿ ರೆಕಾರ್ಡ್ ಮಾಡಿದ್ದು. ಇದಕ್ಕೂ ನಿರ್ಮಾಪಕ ಮಾರ್ಟಿನ್ ಬರ್ಚ್. ಆರೇ ಹಾಡು, 33 ನಿಮಿಷ ಮೀರಿ ಸ್ವಲ್ಪ.

ಇದನ್ನು ಮೊದಲು ಕೊಡದಿರಲು ಕಾರಣ ಇದೆ. ನಡುವಿನ ಮೂರು ಹಾಡು ಚೆನ್ನಾಗಿದ್ದರೂ ಸಾಧಾರಣ ರಾಕ್ ಹಾಡುಗಳೇ. ದನಿಯ ಪರಿಚಯ ಇಲ್ಲದೆ ಬಂದವರು ಅಲ್ಲೇ ಎದ್ದುಹೋಗುತ್ತಾರೆ. ದನಿ ಗೊತ್ತಿದ್ದು ಬಂದವರಿಗೆ ಐದನೇ ಹಾಡು ಕಾದಿರುತ್ತದೆ.

'ಸ್ಟಾರ್‌ಗೇಜರ್'. ಎಂಟೂವರೆ ನಿಮಿಷ. ನನಗೆ ಇದು ಹೆವಿ ಮೆಟಲ್‌ನ ಅತ್ಯಂತ ದೊಡ್ಡ ಗಾಯನ. ಕೋಜಿ ಪೊವೆಲ್ ಅವರ ಡ್ರಮ್ಸ್ ಉರುಳಿನಿಂದ ಶುರು. ಕಥೆ ಹೀಗಿದೆ: ಒಬ್ಬ ಮಂತ್ರವಾದಿ. ಅವನಿಗೆ ನಕ್ಷತ್ರ ಮುಟ್ಟುವ ಆಸೆ. ಮರಳುಗಾಡಿನ ಬಿಸಿಲಲ್ಲಿ ಸಾವಿರಾರು ಗುಲಾಮರ ಕೈಯಲ್ಲಿ ಕಲ್ಲಿನ ಗೋಪುರ ಕಟ್ಟಿಸುತ್ತಾನೆ. ಕಥೆ ಹೇಳುವವನು ಆ ಗುಲಾಮರಲ್ಲಿ ಒಬ್ಬ. ಗೋಪುರ ಮುಗಿಯುತ್ತದೆ, ಮಂತ್ರವಾದಿ ತುದಿ ಹತ್ತುತ್ತಾನೆ, ಮೇಲೆ ಹಾರುವ ಬದಲು ಕೆಳಗೆ ಬೀಳುತ್ತಾನೆ. ನಂಬಿ ದುಡಿದವನ ಪಾಡೇನು?

ಈ ಹಾಡನ್ನು ಲಿರಿಕ್ಸ್ ಮುಂದಿಟ್ಟುಕೊಂಡೇ ಕೇಳಿ. ಮೊದಲ ಭಾಗದಲ್ಲಿ ಡಿಯೋ ದೂರುವವನ ದನಿಯಲ್ಲಿ ಹಾಡುತ್ತಾರೆ, ಆದರೂ ಒಳಗೆಲ್ಲೋ ನಂಬಿಕೆ ಉಳಿದಿದೆ. ಗೋಪುರ ಮುಗಿಯುವ ಹೊತ್ತಿಗೆ ದನಿಯಲ್ಲಿ ನಿರೀಕ್ಷೆ ಏರುತ್ತದೆ. ಬಿದ್ದ ಮೇಲೆ ಬರುವ ಭಾಗವಂತೂ ಹೇಳಲು ಸಾಧ್ಯವಿಲ್ಲ. ಹಿಂದೆ ಮ್ಯೂನಿಕ್ ಫಿಲ್‌ಹಾರ್ಮೋನಿಕ್ ವಾದ್ಯವೃಂದ ತುಂಬಿಕೊಂಡು ಬರುತ್ತಿರುತ್ತದೆ. ಅದರ ಮೇಲೆ ಡಿಯೋ ಮನೆಗೆ ಹೋಗಬೇಕು ಅನ್ನುವ ಮಾತನ್ನೇ ಮತ್ತೆ ಮತ್ತೆ, ಪ್ರತಿ ಸಲ ಬೇರೆ ಬಗೆಯಲ್ಲಿ ಎಳೆದು ಹಾಡುತ್ತಾರೆ. ಒಂದು ಸಾಲು ಬೇಡಿಕೆ, ಇನ್ನೊಂದು ಸಿಟ್ಟು, ಮತ್ತೊಂದು ಬರೀ ಸುಸ್ತು. ಉಸಿರು ಎಲ್ಲಿ ತೆಗೆದುಕೊಂಡರು ಅಂತ ಹುಡುಕಿ. ಸಿಗುವುದು ಕಷ್ಟ. ತುತ್ತೂರಿ ಊದಿದ ದಮ್ಮು ಕೆಲಸಕ್ಕೆ ಬಂದದ್ದು ಅಲ್ಲಿ.

ಹಾಡು ನಿಧಾನವಾಗಿ ಕರಗಿದ ಕೂಡಲೇ ನಿಲ್ಲಿಸಬೇಡಿ. ಮುಂದಿನ 'ಎ ಲೈಟ್ ಇನ್ ದ ಬ್ಲ್ಯಾಕ್' ಅದೇ ಕಥೆಯ ಮುಂದುವರಿಕೆ. ಯಜಮಾನ ಸತ್ತ ಮೇಲೆ ದಾರಿ ಕಾಣದೆ ನಿಂತ ಜನ ಮನೆ ದಾರಿ ಹಿಡಿಯುತ್ತಾರೆ. ವೇಗದ ಹಾಡು, ಇದೂ ಎಂಟು ನಿಮಿಷ ಮೀರುತ್ತದೆ. ಎರಡನ್ನೂ ಸೇರಿಸಿ ಕೇಳದಿದ್ದರೆ ಕಥೆ ಅರ್ಧಕ್ಕೆ ನಿಂತಂತೆ.

ಡಿಯೋ ಹಾಡಿದ ರೇನ್‌ಬೋದ ಇನ್ನೆರಡು ಸ್ಟುಡಿಯೋ ಆಲ್ಬಂಗಳಿಂದ ಸದ್ಯಕ್ಕೆ ಬಿಡಿ ಹಾಡು ಸಾಕು. 1975ರ ಮೊದಲ ಆಲ್ಬಂನಿಂದ 'ಮ್ಯಾನ್ ಆನ್ ದ ಸಿಲ್ವರ್ ಮೌಂಟನ್', 'ದ ಟೆಂಪಲ್ ಆಫ್ ದ ಕಿಂಗ್', 'ಕ್ಯಾಚ್ ದ ರೇನ್‌ಬೋ'. ಕೊನೆಯ ಎರಡು ಮೆಲುದನಿಯವು, ಮೆಟಲ್ ಅಂದರೆ ಓಡಿಹೋಗುವ ಗೆಳೆಯರಿಗೂ ಕೇಳಿಸಬಹುದು. 1978ರ 'ಲಾಂಗ್ ಲಿವ್ ರಾಕ್ ಆ್ಯಂಡ್ ರೋಲ್'ನಿಂದ 'ಗೇಟ್ಸ್ ಆಫ್ ಬ್ಯಾಬಿಲಾನ್' ಮತ್ತು 'ರೇನ್‌ಬೋ ಐಸ್'. ಎರಡನೆಯದರಲ್ಲಿ ಡ್ರಮ್ಸೇ ಇಲ್ಲ, ಕೊಳಲು ಮತ್ತು ತಂತಿ ವಾದ್ಯ.

ಹೆಜ್ಜೆ 7: ಘಟ್ಟ ಹತ್ತುವ ಮೊದಲು ಡೌನ್‌ಲೋಡ್ ಮಾಡಿಕೊಳ್ಳಿ

ನಮ್ಮ ಕಡೆ ಆಲ್ಬಂ ಪೂರ್ತಿ ಕೇಳಲು ಬಸ್ಸಿಗಿಂತ ಒಳ್ಳೆಯ ಜಾಗ ಇಲ್ಲ. ಯಾರೂ ಕರೆಯುವುದಿಲ್ಲ, ಎದ್ದು ಹೋಗುವ ಹಾಗೂ ಇಲ್ಲ. ಆದರೆ ಕುಮಟಾ ಬಿಟ್ಟು ಕತಗಾಲ ದಾಟಿ ದೇವಿಮನೆ ಘಟ್ಟ ಹತ್ತುವಾಗ ಸಿಗ್ನಲ್ ಬರುವುದು, ಹೋಗುವುದು ಮಾಡುತ್ತದೆ. 'ಸ್ಟಾರ್‌ಗೇಜರ್' ನಡುವೆ ನಿಂತರೆ ಸಂಕಟ. ಕೊಂಕಣ ರೈಲಿನ ಸುರಂಗಗಳಲ್ಲೂ ಅದೇ ಕಥೆ. ಹಿಂದಿನ ರಾತ್ರಿಯೇ ಮನೆಯಲ್ಲಿ ಆಫ್‌ಲೈನ್ ಉಳಿಸಿಕೊಳ್ಳಿ. ಮಳೆಗಾಲದಲ್ಲಿ ಕರೆಂಟ್ ಹೋದರೂ ಇದು ಉಪಯೋಗಕ್ಕೆ ಬರುತ್ತದೆ.

ಕುಮಟಾದಿಂದ ಶಿರಸಿಗೆ ಸುಮಾರು 60 ಕಿಲೋಮೀಟರ್. 'ರೈಸಿಂಗ್' ಮತ್ತು 'ಹೆವನ್ ಆ್ಯಂಡ್ ಹೆಲ್' ಎರಡೂ ಸೇರಿ ಒಂದೂಕಾಲು ಗಂಟೆಯ ಒಳಗೆ. ಒಂದು ಪ್ರಯಾಣಕ್ಕೆ ಸರಿಹೊಂದುತ್ತದೆ. ಬಸ್ಸಿನ ಇಂಜಿನ್ ಸದ್ದಿಗೆ ಪೈಪೋಟಿಯಾಗಿ ವಾಲ್ಯೂಮ್ ಏರಿಸುತ್ತಾ ಹೋಗಬೇಡಿ. ಕಿವಿಯೊಳಗೆ ಸರಿಯಾಗಿ ಕೂರುವ ರಬ್ಬರ್ ತುದಿ ಇರುವ ಇಯರ್‌ಫೋನ್ ಇದ್ದರೆ ಕಡಿಮೆ ಸದ್ದಲ್ಲೇ ಕೇಳುತ್ತದೆ.

ಹೆಜ್ಜೆ 8: ಜೋಡಿ ಆಲ್ಬಂಗಳು

ಮೂರು ಆಲ್ಬಂ ಹಿಡಿಸಿದವರು ಅವುಗಳ ತಮ್ಮಂದಿರ ಹತ್ತಿರ ಹೋಗಬಹುದು.

'ಹೆವನ್ ಆ್ಯಂಡ್ ಹೆಲ್' ಆದಮೇಲೆ 'ಮಾಬ್ ರೂಲ್ಸ್', 1981. ಸದ್ದು ಇನ್ನೂ ಒರಟು. ಇದರಲ್ಲಿ 'ದ ಸೈನ್ ಆಫ್ ದ ಸದರ್ನ್ ಕ್ರಾಸ್' ಒಂದಕ್ಕಾಗಿಯೇ ಆಲ್ಬಂ ಕೇಳಬಹುದು. ಮೆಲ್ಲಗೆ ಶುರುವಾಗಿ, ಭಾರವಾದ ನಿಧಾನ ನಡೆಗೆ ಬೀಳುತ್ತದೆ. ಅಷ್ಟು ನಿಧಾನದ ಹಾಡಲ್ಲಿ ಗಾಯಕನಿಗೆ ಅಡಗಲು ಜಾಗ ಇರುವುದಿಲ್ಲ. 'ಫಾಲಿಂಗ್ ಆಫ್ ದ ಎಡ್ಜ್ ಆಫ್ ದ ವರ್ಲ್ಡ್' ಕೂಡ ಹಾಗೇ ಮೆಲ್ಲಗೆ ಬಂದು ಆಮೇಲೆ ಓಡುತ್ತದೆ.

'ಹೋಲಿ ಡೈವರ್' ಆದಮೇಲೆ 1984ರ 'ದ ಲಾಸ್ಟ್ ಇನ್ ಲೈನ್'. ಆಲ್ಬಂ ಹೆಸರಿನ ಹಾಡು, 'ವಿ ರಾಕ್', ಕೊನೆಯ 'ಈಜಿಪ್ಟ್'. ನಡುವೆ ಒಂದೆರಡು ಹಾಡು ತೆಳು. 1985ರ 'ಸೇಕ್ರೆಡ್ ಹಾರ್ಟ್'ನಲ್ಲಿ ಕೀಬೋರ್ಡ್ ಜಾಸ್ತಿ ಆಯಿತು, ಅದನ್ನು ಆಮೇಲೆ ನೋಡಿದರೆ ಸಾಕು. 1987ರ 'ಡ್ರೀಮ್ ಈವಿಲ್'ನಲ್ಲಿ 'ಆಲ್ ದ ಫೂಲ್ಸ್ ಸೇಲ್ಡ್ ಅವೇ' ಎಂಬ ಏಳು ನಿಮಿಷದ ಹಾಡು ಇದೆ, ಜನ ಅಷ್ಟಾಗಿ ಮಾತಾಡುವುದಿಲ್ಲ, ನನಗೆ ತುಂಬಾ ಇಷ್ಟ.

ಹೆಜ್ಜೆ 9: ವಯಸ್ಸಾದ ದನಿ

ಇಲ್ಲಿ ನನ್ನ ಅಭಿಪ್ರಾಯ ಹಲವರಿಗಿಂತ ಬೇರೆ. 1980ರ ದಶಕ ಮುಗಿದ ಮೇಲೆ ಡಿಯೋ ಮುಗಿದರು ಅನ್ನುತ್ತಾರೆ. ಒಪ್ಪಲು ಆಗುವುದಿಲ್ಲ.

1992ರ 'ಡಿಹ್ಯೂಮನೈಸರ್' ತೆಗೆದುಕೊಳ್ಳಿ. ಮತ್ತೆ ಸಬ್ಬತ್ ಜೊತೆ. ಇಲ್ಲಿ ಮಂತ್ರವಾದಿ, ರಾಜ ಯಾರೂ ಇಲ್ಲ. ಕಂಪ್ಯೂಟರನ್ನು ದೇವರು ಮಾಡಿಕೊಂಡ ಜನ, ಟಿವಿಯಲ್ಲಿ ದುಡ್ಡು ಕೀಳುವ ಧರ್ಮ ಪ್ರಚಾರಕರು. ದನಿಯಲ್ಲಿ ಸಿಟ್ಟು ಇದೆ. 'ಐ' ಎಂಬ ಹಾಡು ಕೇಳಿ, ಐವತ್ತರ ಹೊಸ್ತಿಲಲ್ಲಿದ್ದ ಮನುಷ್ಯ ಹಾಡಿದ್ದು.

1996ರ 'ಆ್ಯಂಗ್ರಿ ಮಷೀನ್ಸ್' ಪೂರ್ತಿ ಕೇಳಿ ಅಂತ ನಾನು ಹೇಳುವುದಿಲ್ಲ. ಆದರೆ ಕೊನೆಯ ಹಾಡು 'ದಿಸ್ ಈಸ್ ಯುವರ್ ಲೈಫ್' ಬಿಡಬೇಡಿ. ಪಿಯಾನೋ ಮತ್ತು ದನಿ, ಬೇರೇನೂ ಇಲ್ಲ. 2000ದ 'ಮ್ಯಾಜಿಕಾ' ಒಂದೇ ಕಥೆಯ ಆಲ್ಬಂ, ಕೊನೆಯಲ್ಲಿ ಡಿಯೋ ಆ ಕಥೆಯನ್ನು ತಾವೇ ಮಾತಲ್ಲಿ ಹೇಳುತ್ತಾರೆ. ಕಥೆ ಇಷ್ಟಪಡುವವರಿಗೆ ಹಬ್ಬ, ಉಳಿದವರಿಗೆ ಉದ್ದ ಅನ್ನಿಸಬಹುದು. 2002ರ 'ಕಿಲ್ಲಿಂಗ್ ದ ಡ್ರ್ಯಾಗನ್' ಉತ್ಸಾಹದ ಆಲ್ಬಂ.

ಕೊನೆಯ ಸ್ಟುಡಿಯೋ ಆಲ್ಬಂ 2009ರ 'ದ ಡೆವಿಲ್ ಯು ನೋ', ಹೆವನ್ ಆ್ಯಂಡ್ ಹೆಲ್ ಎಂಬ ಬ್ಯಾಂಡ್ ಹೆಸರಲ್ಲಿ. ಆಗ ಡಿಯೋಗೆ 66. 'ಬೈಬಲ್ ಬ್ಲ್ಯಾಕ್' ಹಾಕಿ. 'ಚಿಲ್ಡ್ರನ್ ಆಫ್ ದ ಸೀ' ಶುರುವಾದ ಹಾಗೇ ಅಕೌಸ್ಟಿಕ್ ಗಿಟಾರ್, ಮೆಲ್ಲನೆಯ ದನಿ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ. ನಡುವೆ 29 ವರ್ಷ. ದನಿ ಸ್ವಲ್ಪ ದಪ್ಪವಾಗಿದೆ, ಕೆಳಗಿಳಿದಿದೆ. ಆದರೆ ಬ್ಯಾಂಡ್ ಪೂರ್ತಿ ಬಿದ್ದಾಗ ಅದೇ ಹಟ, ಅದೇ ಸ್ಪಷ್ಟ ಮಾತು. ಆ ವರ್ಷ ನವೆಂಬರ್‌ನಲ್ಲೇ ಕ್ಯಾನ್ಸರ್ ಇದೆ ಅಂತ ಗೊತ್ತಾದದ್ದು.

ಎಲ್ಲ ಮುಗಿದ ಮೇಲೆ ಎರಡು ಉಳಿಯುತ್ತವೆ. ಒಂದು, 'ಸ್ಟಾರ್ಸ್'. ಆಫ್ರಿಕಾದ ಬರಗಾಲಕ್ಕೆ ಹಣ ಕೂಡಿಸಲು 1985ರಲ್ಲಿ ಡಿಯೋ, ಬೇನ್, ಕ್ಯಾಂಬೆಲ್ ಮುಂದೆ ನಿಂತು ಆ ಕಾಲದ ಮೆಟಲ್ ಗಾಯಕರು, ಗಿಟಾರಿನವರನ್ನೆಲ್ಲ ಸೇರಿಸಿ ಮಾಡಿದ ಹಾಡು, 'ಹಿಯರ್ ಎನ್ ಏಡ್' ಎಂಬ ಹೆಸರಲ್ಲಿ. ಅಷ್ಟು ಗಾಯಕರ ಸಾಲಲ್ಲಿ ಡಿಯೋ ದನಿ ಎಲ್ಲಿ ಬರುತ್ತದೆ ಅಂತ ಹೆಸರು ನೋಡದೆ ಗುರುತಿಸಿ. ಇಲ್ಲಿಯವರೆಗೆ ಕೇಳಿಕೊಂಡು ಬಂದವರಿಗೆ ಕಷ್ಟ ಆಗುವುದಿಲ್ಲ. ಇನ್ನೊಂದು, ರೇನ್‌ಬೋಗೆ ಮುಂಚಿನ ಎಲ್ಫ್ ಬ್ಯಾಂಡ್. ಅದರ ಮೊದಲ ಆಲ್ಬಂ 1972ರದ್ದು. ಅದು ಮೆಟಲ್ ಅಲ್ಲ, ಪಿಯಾನೋ ಜಾಸ್ತಿ ಇರುವ ಕುಣಿಯುವ ರಾಕ್. ಅದರಲ್ಲಿ ಡಿಯೋ ಬಾಸ್ ಗಿಟಾರನ್ನೂ ನುಡಿಸಿದ್ದಾರೆ. ಮೊದಲು ಕೇಳಿದರೆ ಏನೂ ಅನ್ನಿಸದು. ಈಗ ಕೇಳಿದರೆ, ಮೂವತ್ತು ತುಂಬದ ಆ ದನಿಯಲ್ಲಿ ಏನೇನು ಆಗಲೇ ಇತ್ತು, ಏನು ಇನ್ನೂ ಬರಬೇಕಿತ್ತು ಅಂತ ಬಿಡಿಸಿ ಹೇಳಬಲ್ಲಿರಿ.